ಹಲ್ಲಿನ ಡಾಕ್ಟರ ಲಾರಿ

ಅಕ್ಟೋಬರ್ ಐದು, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕೂತಿದ್ದೇನೆ. ಭುಜ ನೋಯುತ್ತಿದೆ, ಬಲ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿವೆ. ಕಾರಣ ಮುಂದೆ ಬರುತ್ತದೆ.

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಹಾಗೆಂದು ಅವರನ್ನು ಮರೆಗುಳಿ ಎನ್ನಬೇಡಿ! ಎದುರಿಗೆ ಬಂದವರು ಹಳೆಯ ಕಾಲದ ಯಾವ ಇಂಗ್ಲೆಂಡ್ ಲಾರಿಯ ಹಾಗೆ ಕಾಣುತ್ತಾರೆ ಎಂಬುದು ಅವರಿಗೆ ಎಷ್ಟು ವರ್ಷವಾದರೂ ಮರೆಯುವುದಿಲ್ಲ. "ಆ ಉದ್ದ ಮೂತಿಯದ್ದು, ಒಂದು ಹೆಡ್‌ಲೈಟು ಸ್ವಲ್ಪ ಕೆಳಗೆ ಇದ್ದದ್ದು ಉಂಟಲ್ಲ, ಅವರು ಫೋನ್ ಮಾಡಿದ್ರು" ಎಂದರೆ ಅದು ಯಾರೆಂದು ಅತ್ತೆಯೇ ಹೇಳಬೇಕು. ನಾನು ಅವರ ಪಟ್ಟಿಯಲ್ಲಿ ಮೂರು ಟನ್ನಿನ ಸಣ್ಣ ಗಾಡಿ. "ಪಾಪ, ಲೋಡು ಕಡಿಮೆ, ಸೌಂಡು ಜಾಸ್ತಿ" ಎಂದು ನನ್ನ ಮುಂದೆಯೇ ಹೇಳುತ್ತಾರೆ.

ಮಾವ ಮಂಗಳೂರಿನ ಕಡೆಯವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಬಹಳ ವರ್ಷ ಹಲ್ಲಿನ ಡಾಕ್ಟರಾಗಿದ್ದು ಈಗ ನಿವೃತ್ತರಾಗಿದ್ದಾರೆ. ಅವರ ಕ್ಲಿನಿಕ್ಕಿಗೆ ಹೋದವರೆಲ್ಲ ಬಾಯಿ ತೆರೆದು ತಮ್ಮ ಬಗ್ಗೆ ಲಾರಿಯ ಭಾಷೆಯಲ್ಲಿ ಕೇಳಿಸಿಕೊಂಡವರೇ. "ಮುಂದಿನ ಜಾಲರಿ ಫಸ್ಟ್‌ಕ್ಲಾಸು. ಹಿಂದಿನ ಎಡಗಡೆ ಟೈರು ಮಾತ್ರ ಪೂರಾ ಸವೆದಿದೆ." ಒಬ್ಬ ರೋಗಿ ಇದನ್ನು ಕೇಳಿ ಕುರ್ಚಿಯಿಂದ ಎದ್ದು, ಪಾರ್ಕಿಂಗಿಗೆ ಹೋಗಿ, ತನ್ನ ಕಾರಿನ ಟೈರು ನೋಡಿಕೊಂಡು ಬಂದನಂತೆ!

ಈ ಹುಚ್ಚು ಎಲ್ಲಿಂದ ಬಂತು? ಅವರ ಅಪ್ಪನಿಂದ, ಅಂದರೆ ನನ್ನ ಅಜ್ಜನಿಂದ. ಅಜ್ಜ 'ಕಡಲಕಿರಣ ಗೂಡ್ಸ್ ಸರ್ವಿಸ್' ಎಂಬ ಮೂರೇ ಲಾರಿಗಳ ಸಣ್ಣ ಕಂಪನಿಯಲ್ಲಿ ಡ್ರೈವರ್ ಆಗಿದ್ದರು. ಅವರ ಕೈಯಲ್ಲಿದ್ದದ್ದು ಇಂಗ್ಲೆಂಡಿನಿಂದ ಬಂದ, ಮೂತಿ ಮುಂದೆ ಚಾಚಿದ ಹಳೆಯ ಲಾರಿ. ಹಂಚು ತುಂಬಿಕೊಂಡು ಘಾಟಿ ಹತ್ತುವುದು, ಅಕ್ಕಿಯೋ ಈರುಳ್ಳಿಯೋ ತುಂಬಿಕೊಂಡು ಇಳಿಯುವುದು. ಆ ಘಾಟಿಯಲ್ಲಿ ಆಗ ಓಡುತ್ತಿದ್ದ ಅಷ್ಟೂ ಲಾರಿ ಕಂಪನಿಗಳ ಹೆಸರು ಮಾವನಿಗೆ ಬಾಯಿಪಾಠ. ದಿನಾ ಸ್ನಾನ ಮಾಡುತ್ತಾ ಗಟ್ಟಿಯಾಗಿ ಹೇಳುತ್ತಾರೆ. ಅಜ್ಜಿಗೆ ಈಗ ಎಂಬತ್ತಾರು. ಮಾವನ ಮನೆಯಲ್ಲೇ ಇದ್ದಾರೆ. ಒಂದು ದಿನ ಬಾತ್‌ರೂಮಿನ ಬಾಗಿಲು ತಟ್ಟಿ, "ಸ್ನಾನ ಮಾಡುವಾಗಲಾದರೂ ದೇವರ ಹೆಸರು ಹೇಳು ಮಾರಾಯ" ಎಂದರು.

ಒಳಗಿನಿಂದ ಉತ್ತರ ಬಂತು: "ಅದನ್ನೇ ಹೇಳ್ತಾ ಇದ್ದೇನಲ್ಲಮ್ಮ! ಅಪ್ಪನದ್ದೊಂದು ಬಿಟ್ರೆ ಎಲ್ಲಾ ಕಂಪನಿಗೂ ದೇವರದ್ದೇ ಹೆಸರು!"

ಆದರೆ ಮಾವನ ತಲೆಯಲ್ಲಿ ಎಲ್ಲಕ್ಕಿಂತ ಭದ್ರವಾಗಿ ಕೂತಿರುವುದು ಹೆಸರಲ್ಲ, ಒಂದು ಶಬ್ದ. ಊರಿನ ಅವರ ಮನೆ ಏರಿನ ಮೇಲಿತ್ತಂತೆ. ಕೆಳಗಿನ ತಿರುವಿನಲ್ಲಿ ಅಜ್ಜ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದರೆ ಲಾರಿ ಒಂದು ಥರ ನರಳುತ್ತಿತ್ತು. ಅದು ಕೇಳಿದ ಕೂಡಲೇ ಅಜ್ಜಿ ಒಲೆಯ ಮೇಲೆ ಕಾವಲಿ ಇಡುತ್ತಿದ್ದರು. ಅಜ್ಜ ಲಾರಿ ನಿಲ್ಲಿಸಿ, ಕೈಕಾಲು ತೊಳೆದು ಒಳಗೆ ಬರುವುದಕ್ಕೂ ಮೊದಲ ನೀರುದೋಸೆ ಏಳುವುದಕ್ಕೂ ಸರಿಹೋಗುತ್ತಿತ್ತು. ಮನೆಯಲ್ಲಿ ಗಡಿಯಾರವೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ ಎನ್ನುತ್ತಾರೆ ಮಾವ. ಆ ಶಬ್ದವನ್ನು ಊಟದ ಮೇಜಿನಲ್ಲಿ ಕೂತು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಕತ್ತಿನ ನರ ಉಬ್ಬುತ್ತದೆ, ಮುಖ ಕೆಂಪಾಗುತ್ತದೆ.

"ಅದು ಎರಡನೇ ಗೇರಾ?" ಎನ್ನುತ್ತಾರೆ ಅಜ್ಜಿ. "ನಾನು ಯಾರೋ ಬೆಕ್ಕಿನ ಬಾಲ ತುಳಿದರು ಅಂದುಕೊಂಡೆ."

ಹೋದ ವರ್ಷ ಕಿವಿ ಡಾಕ್ಟರು ಅಜ್ಜಿಯನ್ನು ನೋಡಿ, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೆಚ್ಚು ದಿನ ಬರುವುದಿಲ್ಲ ಎಂದರು. ಅಂದು ಕಾರಿನಲ್ಲಿ ವಾಪಸು ಬರುವಾಗ ಮಾವ ಲಾರಿಯ ಸುದ್ದಿಯನ್ನೇ ಎತ್ತಲಿಲ್ಲ. ಮನೆ ಮುಟ್ಟಿದ ಮೇಲೆ ನನಗೆ ಮಾತ್ರ ಹೇಳಿದರು: "ಅಮ್ಮನಿಗೆ ಅದನ್ನೊಮ್ಮೆ ನಿಜವಾಗಿ ಕೇಳಿಸ್ಬೇಕು ಮಾರಾಯ್ತಿ. ನನ್ನ ಬಾಯಿಂದ ಅಲ್ಲ."

ಕ್ಯಾಲಿಫೋರ್ನಿಯಾದಲ್ಲಿ ಆ ಕಾಲದ ಇಂಗ್ಲೆಂಡ್ ಲಾರಿ ಎಲ್ಲಿ ಸಿಗಬೇಕು? ಮದುವೆಯಲ್ಲಿ ಸಿಕ್ಕಿತು! ಲಾಸ್ ಗ್ಯಾಟೋಸ್ ಬೆಟ್ಟದ ಒಂದು ದ್ರಾಕ್ಷಿತೋಟದಲ್ಲಿ ಸ್ನೇಹಿತರ ಮಗಳ ಮದುವೆ. ಬಂದವರು ಫೋಟೋ ತೆಗೆಸಿಕೊಳ್ಳಲೆಂದು ತೋಟದವನು ಒಂದು ಹಳೆಯ ಲಾರಿಯ ಮೇಲೆ ವೈನಿನ ಪೀಪಾಯಿ ಜೋಡಿಸಿ ನಿಲ್ಲಿಸಿದ್ದ. ಮಾವ ಮುಹೂರ್ತಕ್ಕೆ ಮುಂಚೆ ಕಾಣೆಯಾದವರು ಊಟದ ಹೊತ್ತಿಗೂ ಪತ್ತೆಯಿಲ್ಲ. ಆ ಮದುವೆಯ ಆಲ್ಬಮ್ಮಿನಲ್ಲಿ ವಧೂವರರ ಎಲ್ಲ ಒಳ್ಳೆಯ ಫೋಟೋಗಳ ಹಿಂದೆಯೂ ಲಾರಿಯ ಅಡಿಯಿಂದ ಹೊರಬಂದ ಎರಡು ಬೂಟುಗಳಿವೆ. ಸಂಜೆಯೊಳಗೆ ತೋಟದವನ ದವಡೆ ಹಲ್ಲಿನ ನೋವಿಗೆ ದಾರಿ ಹೇಳಿ, ಆ ಲಾರಿಯನ್ನು ತಮಗೇ ಕೊಡುವಂತೆ ಮಾವ ಅವನನ್ನು ಒಪ್ಪಿಸಿಯೂ ಬಿಟ್ಟಿದ್ದರು.

ಅದು ಮನೆಗೆ ಬಂದದ್ದು ಇನ್ನೊಂದು ಲಾರಿಯ ಬೆನ್ನ ಮೇಲೆ. ಬೆಂಗಳೂರಿನವರಾದ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ರೀ, ಇದು ಲಾರಿನಾ, ಇಲ್ಲ ಲಾರಿಯ ಎಕ್ಸ್‌ರೇನಾ?"

ಅಜ್ಜಿ ಒಂದು ಸುತ್ತು ಬಂದು ತೀರ್ಪು ಕೊಟ್ಟರು. "ಮೂತಿ ಅದೇ. ನೀಲಿ ಬಣ್ಣ ಹೊಡೆಸು."

"ನೀಲಿ ಎಂತಕ್ಕೆ? ಅಪ್ಪನ ಲಾರಿ ಹಸಿರಲ್ವಾ?"

"ನೀಲಿ. ವರ್ಷ ವರ್ಷ ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿದವಳು ನಾನು."

"ಹಸಿರು. ಅದರ ಬಾನೆಟ್ಟಿನ ಮೇಲೆ ಕೂತು ಮಗ್ಗಿ ಕಲಿತವನು ನಾನು!"

"ಅದಕ್ಕೇ ಮಗ್ಗಿಯೂ ಸರಿ ಬರುವುದಿಲ್ಲ" ಎಂದು ಅಜ್ಜಿ ಒಳಗೆ ಹೋದರು. ಹೀಗಾಗಿ ಲಾರಿ ಇವತ್ತಿಗೂ ಬರೀ ಪ್ರೈಮರಿನ ಕಾವಿ ಬಣ್ಣದಲ್ಲಿ ಸನ್ಯಾಸಿಯ ಹಾಗೆ ನಿಂತಿದೆ.

ಅದರ ಸ್ಟಾರ್ಟರ್ ಮೋಟಾರು ಎಂದೋ ಸತ್ತಿತ್ತು. ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರಷ್ಟೇ ಎಂಜಿನ್ ಏಳಬೇಕು. ನಾನು ಪ್ರತಿ ಶನಿವಾರ ಸ್ಯಾನ್ ಮಟಿಯೋದಿಂದ ಫ್ರೀವೇ ಹಿಡಿದು ಬರುವುದು, ಮಾವ ಹ್ಯಾಂಡಲ್ ಹೊಡೆಯುವುದು, ಅಜ್ಜಿ ಜಗಲಿಯ ಕುರ್ಚಿಯಲ್ಲಿ ಕೂತು "ಲಾರಿಗಿಂತ ನಿನ್ನದೇ ಹೊಗೆ ಜಾಸ್ತಿ" ಎನ್ನುವುದು, ಮಧ್ಯಾಹ್ನ ನೀರುದೋಸೆ ತಿಂದು ನಾನು ವಾಪಸು ಹೋಗುವುದು. ಲೆಕ್ಕ ಇಡುವುದು ನನ್ನ ಚಾಳಿ. ಆಗಸ್ಟ್ ಕೊನೆಯವರೆಗೆ ಶನಿವಾರಗಳು ಹದಿನಾಲ್ಕು; ಎಂಜಿನ್ ಕೆಮ್ಮಿದ್ದು ಮೂವತ್ತೊಂದು ಸಲ; ಎದ್ದದ್ದು ಸೊನ್ನೆ. ಸೆಪ್ಟೆಂಬರಿನ ಕೊನೆಯ ಶನಿವಾರ ಮಾತ್ರ ನಾಲ್ಕು ನಿಮಿಷ ನಿಂತಲ್ಲೇ ಓಡಿತು. ಮಾವ ಸಂತೋಷಕ್ಕೆ ಪಕ್ಕದ ಮನೆಯಾಕೆಯನ್ನು ತೋರಿಸಲು ಕರೆದರು. ಆಕೆ ಹೊರಗೆ ಬರುವಷ್ಟರಲ್ಲಿ ಅದು ನಿಂತಿತ್ತು.

ಕರೆಯಬಾರದಿತ್ತು! ಆಕೆಯೇ ಮಾವನ ಬೀದಿಯ ಮನೆಯವರ ಅಸೋಸಿಯೇಷನ್ನಿನ ಅಧ್ಯಕ್ಷೆ. ಎರಡು ದಿನದಲ್ಲಿ ನೋಟೀಸು ಬಂತು. ಓಡದ ಗಾಡಿಯನ್ನು ಮನೆ ಮುಂದೆ ಇಡುವಂತಿಲ್ಲ. ಅಕ್ಟೋಬರ್ ನಾಲ್ಕರಂದು ಬಂದು ನೋಡಲಾಗುವುದು. ಓಡದಿದ್ದರೆ ಗುಜರಿಯವರನ್ನು ಕರೆಸಿ ಸಾಗಿಸತಕ್ಕದ್ದು.

ಆಯುಧಪೂಜೆ ಬುಧವಾರವೇ ಆಗಿಹೋಗಿತ್ತು. ಆದರೆ ಇಲ್ಲಿ ನಾವು ಹಬ್ಬ ಬಂದ ದಿನ ಹಬ್ಬ ಮಾಡುತ್ತೇವೆಯೇ? ಆಫೀಸು ಬಿಡಬೇಕಲ್ಲ! ಎಲ್ಲ ಹಬ್ಬವನ್ನೂ ಶನಿವಾರಕ್ಕೆ ತಳ್ಳುತ್ತೇವೆ. ಹಾಗೆ ನಿನ್ನೆ ಬೆಳಿಗ್ಗೆ ಮಾವನ ಮನೆಯಲ್ಲಿ ಪೂಜೆ, ಸ್ನೇಹಿತರೂ ಬಂದಿದ್ದರು. ದೇವರ ಮುಂದೆ ನನ್ನ ಲ್ಯಾಪ್‌ಟಾಪು, ಅತ್ತೆಯ ಮಿಕ್ಸಿ, ಹೃದಯದ ಡಾಕ್ಟರೊಬ್ಬರ ಸ್ಟೆತಸ್ಕೋಪು. ಮಾವ ಭಕ್ತಿ ಉಕ್ಕಿ ಲಾರಿಯ ಹ್ಯಾಂಡಲನ್ನು ಸೋಪು ಹಾಕಿ ತೊಳೆದು, ಕುಂಕುಮ ಹಚ್ಚಿ, ಎಲ್ಲದರ ನಡುವೆ ಇಟ್ಟರು. ಲಾರಿಗೆ ಸೇವಂತಿಗೆ ಹಾರ ಬಿತ್ತು. ಚಕ್ರಗಳ ಅಡಿಗೆ ನಾಲ್ಕು ನಿಂಬೆಹಣ್ಣು. ಅವು ಪಾನಕಕ್ಕಾಗುತ್ತದೆ ಎಂದು ಅಧ್ಯಕ್ಷೆ ಪ್ರೀತಿಯಿಂದ ತಮ್ಮ ಮರದಿಂದ ಕೊಯ್ದು ಕಳಿಸಿದ್ದ ಹಣ್ಣುಗಳು.

ಹನ್ನೊಂದಕ್ಕೆ ಸರಿಯಾಗಿ ಆಕೆ ಬಂದರು. ಮಾವ ಹ್ಯಾಂಡಲ್ ತರಲು ದೇವರ ಕೋಣೆಗೆ ಓಡಿದರೆ ಬಾಗಿಲಿಗೆ ಅಡ್ಡ ಅತ್ತೆ.

"ಪೂಜೆಗೆ ಇಟ್ಟಿದ್ದು ಕಣ್ರೀ. ನಾಳೆವರೆಗೂ ಮುಟ್ಟೋ ಹಾಗಿಲ್ಲ."

"ಮಾರಾಯ್ತಿ, ನಾಳೆಗೆ ಲಾರಿಯೇ ಇರುವುದಿಲ್ಲ! ಅಲ್ಲದೆ ಹಬ್ಬ ಬುಧವಾರವೇ ಮುಗಿದಿದೆ!"

"ಶನಿವಾರಕ್ಕೆ ತಳ್ಳಿದ್ದು ನೀವೇ ತಾನೆ? ಹಬ್ಬ ತಳ್ಳಿದ್ರೆ ಅದರ ಜೊತೆ ನಿಯಮಾನೂ ಬಂತು."

ಎಲ್ಲರೂ ಅಜ್ಜಿಯ ಮುಖ ನೋಡಿದೆವು. ಮಾವ ಅವರ ಬಲಗಿವಿಯ ಹತ್ತಿರ ಬಗ್ಗಿ ಕೂಗಿ ಕೇಳಿದರು.

"ಮುಟ್ಟಬೇಡ" ಎಂದರು ಅಜ್ಜಿ. "ನಿನ್ನ ಅಪ್ಪನೂ ಮುಟ್ಟುತ್ತಿರಲಿಲ್ಲ."

"ಹಾಗಾದ್ರೆ ಅವತ್ತು ಅಪ್ಪ ಲಾರಿ ಹೇಗೆ ಸ್ಟಾರ್ಟ್ ಮಾಡ್ತಿದ್ರು?"

"ಎಂತ, ಊರವರು ತಳ್ಳುತ್ತಿದ್ದರು."

ತಳ್ಳಿದೆವು! ಮಾವನ ಬೀದಿ ಇಳಿಜಾರಿನದು. ಹೃದಯದ ಡಾಕ್ಟರು, ರೇಷ್ಮೆ ಸೀರೆಯ ಮೂವರು, ಪಂಚೆ ಮೇಲೆ ಕಟ್ಟಿದ ಐವರು ಎಂಜಿನಿಯರುಗಳು, ನಾನು. ನಿಂಬೆಹಣ್ಣುಗಳು ಒಂದೊಂದಾಗಿ ಅಪ್ಪಚ್ಚಿಯಾದವು. ಅಧ್ಯಕ್ಷೆ ತಮ್ಮ ಮರದ ಹಣ್ಣಿಗಾದ ಗತಿಯನ್ನು ಬೆರಗಿನಿಂದ ನೋಡಿ, ಕ್ಯಾಬಿನ್ನಿನ ಎಡಕಿಟಕಿಯಲ್ಲಿ ಇಣುಕಿದರು. ಅಲ್ಲಿ ಸ್ಟಿಯರಿಂಗೂ ಇಲ್ಲ, ಮನುಷ್ಯನೂ ಇಲ್ಲ. ಇಲ್ಲಿ ಡ್ರೈವರು ಕೂರುವುದು ಎಡಗಡೆ; ಮಾವ ಕೂತಿದ್ದದ್ದು ಊರಿನ ಹಾಗೆ ಆ ಕಡೆ, ಬಲಗಡೆ. "ಓ, ಇದೂ ಡ್ರೈವರಿಲ್ಲದ ಗಾಡಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಈ ಊರಿನಲ್ಲಿ ಅಂಥ ಕಾರುಗಳು ಓಡಾಡುತ್ತವಲ್ಲ, ಆಕೆಗೆ ಗಾಬರಿಯೂ ಆಗಲಿಲ್ಲ. ಒಂದು ಕೈ ತಾವೂ ಕೊಟ್ಟರು.

ಲಾರಿ ಹಾರ ಹಾರಿಸುತ್ತಾ ಇಳಿದು ಕೆಳಗಿನ ತಿರುವಿನಲ್ಲಿ ಮರೆಯಾಯಿತು. ಸದ್ದಿಲ್ಲ. ಆಮೇಲೆ ಢಬ್ ಎಂದಿತು, ಮತ್ತೊಮ್ಮೆ ಢಬ್ ಎಂದಿತು, ಎಂಜಿನ್ ಎದ್ದಿತು! ಸ್ವಲ್ಪ ಹೊತ್ತಿಗೆ ಏರು ಹತ್ತಿ ಬರತೊಡಗಿತು. ತಿರುವಿನ ಹತ್ತಿರ ಉಸಿರು ಕಟ್ಟಿದ ಹಾಗಾಗಿ, ಒಂದು ಕ್ಷಣ ಪೂರ್ತಿ ಸುಮ್ಮನಾಗಿ, ನರಳಿತು. ಉದ್ದಕ್ಕೆ, ಮೂಗಿನಿಂದ, ಭಾರ ಹೊತ್ತವರು ಸಮಾಧಾನದಿಂದ ಹೂಂಗುಡುವ ಹಾಗೆ. ಬೆಕ್ಕಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಅಜ್ಜಿಗೆ ಕೇಳಿತೇ ಎಂದು ತಿರುಗಿದೆ. ಜಗಲಿಯ ಕುರ್ಚಿ ಖಾಲಿ.

ಒಳಗೆ ಓಡಿದೆ. ಅಜ್ಜಿ ಅಡುಗೆಮನೆಯಲ್ಲಿ ಒಲೆ ಹಚ್ಚಿ ಕಾವಲಿ ಇಟ್ಟು, ಅದಕ್ಕೆ ಎಣ್ಣೆ ಸವರುತ್ತಿದ್ದರು. ಪಕ್ಕದಲ್ಲಿ ದೊಡ್ಡ ಪಾತ್ರೆಯ ತುಂಬ ಹಿಟ್ಟು. "ಎಂತ ನೋಡ್ತಿ? ಬಟ್ಟಲು ಇಡು" ಎಂದರು. "ತಿರುವು ದಾಟಿತು. ಕೈಕಾಲು ತೊಳೆದು ಬರುವಾಗ ಒಂದು ಏಳ್ತದೆ."

ನೀರುದೋಸೆಗೆ ಹಿಂದಿನ ರಾತ್ರಿಯೇ ಅಕ್ಕಿ ನೆನೆಹಾಕಬೇಕು. ಬಟ್ಟಲು ಕೈಯಲ್ಲಿ ಹಿಡಿದು ನಿಂತಾಗ ನನಗೆ ಹೊಳೆಯಿತು. ನಿನ್ನೆ ಮಾತ್ರವಲ್ಲ, ಲಾರಿ ಬಂದಂದಿನಿಂದ ಪ್ರತಿ ಶನಿವಾರ ನಾವು ತಿಂದದ್ದು ಅದನ್ನೇ. ಮಗನನ್ನು ಅಷ್ಟು ಗೇಲಿ ಮಾಡುತ್ತಿದ್ದ ಅಜ್ಜಿ ಪ್ರತಿ ಶುಕ್ರವಾರ ರಾತ್ರಿ, ನಾಳೆ ಅದು ತಿರುವಿನಲ್ಲಿ ನರಳಿಯೇ ನರಳುತ್ತದೆ ಎಂದು ನಂಬಿ ಅಕ್ಕಿ ನೆನೆಹಾಕಿದ್ದರು.

ಮಾವ ತೋಟದ ಪೈಪಿನಲ್ಲಿ ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಿಗೆ ಬಂದರು. ಕಾವಲಿ ನೋಡಿದರು.

"ಕೇಳಿತಾ ಅಮ್ಮ?"

"ಕೇಳಿತು. ಗೇರು ಸ್ವಲ್ಪ ತಡವಾಗಿ ಹಾಕಿದೆ" ಎಂದರು ಅಜ್ಜಿ. "ಕೂತುಕೋ. ಬಿಸಿ ಇರುವಾಗ ತಿನ್ನು."

ಅಧ್ಯಕ್ಷೆಯೂ ಆರು ದೋಸೆ ತಿಂದು, ಗಾಡಿ ಓಡುತ್ತದೆ ಎಂದು ಬರೆದುಕೊಟ್ಟು ಹೋದರು.

ಉಳಿದಿರುವುದು ಬಣ್ಣದ ಜಗಳ. ಹಳೆಯ ಕಾಲದಲ್ಲಿ ಮಂಗಳೂರಿನಿಂದ ಘಾಟಿ ಹತ್ತುತ್ತಿದ್ದ ಕಡಲಕಿರಣ ಗೂಡ್ಸ್ ಸರ್ವಿಸ್ಸಿನ ಮೂತಿ ಲಾರಿಯನ್ನು ನೀವೋ ನಿಮ್ಮ ಮನೆಯ ಹಿರಿಯರೋ ಕಂಡಿದ್ದರೆ, ಅದು ಹಸಿರೋ ನೀಲಿಯೋ ದಯವಿಟ್ಟು ಬರೆದು ತಿಳಿಸಿ. ಯಾರು ಸೋತರೂ ನಮಗೆ ಬೇಸರವಿಲ್ಲ. ಆದರೆ ನಿಮ್ಮ ಕಾಗದವನ್ನು ಅಜ್ಜಿಯ ಬಲಗಿವಿಯ ಹತ್ತಿರ ಕೂತು ಗಟ್ಟಿಯಾಗಿ ಓದಿ ಹೇಳಬೇಕು. ಆದ್ದರಿಂದ, ಸ್ವಲ್ಪ ಬೇಗ ಬರೆಯಿರಿ.