ಹಾಡಿಲ್ಲದ ಶುಕ್ರವಾರ

ಆ ಶುಕ್ರವಾರ ಜುಬೇರ ಹಾಡು ಹಾಕಲಿಲ್ಲ. ಆದದ್ದು ಅಷ್ಟೇ. ಅಷ್ಟಕ್ಕೇ ಹಳಿಯಾಳದ ರಸ್ತೆ ಬಂದಾಗುತ್ತದೆಂದು ಯಾರು ತಾನೇ ಎಣಿಸಿದ್ದರು?

ಜುಬೇರ ದಾಂಡೇಲಿಯಲ್ಲಿ ತಂದೆ ನಬೀಸಾಬನ ಗ್ಯಾರೇಜಿನ ಮೇಲಿನ ಖೋಲಿಯಲ್ಲಿ ಕೂತು ಮೊಬೈಲ್ ಆಟ ಮಾಡುವವನು. ಆಡುವವನಲ್ಲ, ತಯಾರಿಸುವವನು. ಈ ಫರಕನ್ನು ನಬೀಸಾಬನಿಗೆ ತಿಳಿಸಿ ಹೇಳುವುದರಲ್ಲೇ ಅವನ ಹರೆಯ ಅರ್ಧ ಸವೆದಿತ್ತು. ಆಟದ ಹೆಸರು ‘ಡಬಲ್ ಟ್ರೇಲರ್’. ಹೊಲದಲ್ಲಿ ಕಬ್ಬು ಹೇರಿ, ಎರಡು ಟ್ರೇಲರ್ ಎಳೆದುಕೊಂಡು, ದಾರಿಯ ತಗ್ಗುದಿನ್ನೆ ದಾಟಿ ಸಕ್ಕರೆ ಕಾರ್ಖಾನೆಯ ಗೇಟು ಮುಟ್ಟಬೇಕು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವುದು ಎಂಥ ಕಷ್ಟವೆಂದು ಆ ಕಡೆಯವರಿಗೆಲ್ಲ ಗೊತ್ತು. ಅದನ್ನು ಆಟದಲ್ಲಿ ಸರಿಯಾಗಿ ಕೂರಿಸಲು ಜುಬೇರ ವರ್ಷಗಟ್ಟಲೆ ನಿದ್ದೆಗೆಟ್ಟಿದ್ದ.

ಪ್ರತಿ ಶುಕ್ರವಾರ ಬೆಳಿಗ್ಗೆ ಅವನ ಮೊಬೈಲ್ ಚಾನೆಲ್ಲಿನಲ್ಲಿ ‘ವಾರದ ವರದಿ’ ಬರುತ್ತಿತ್ತು. ಮೊದಲು ಆ ವಾರ ಕೇಳಬೇಕಾದ ಮೂರು ಹಾಡು, ನಂತರ ಆಟದ ಕೆಲಸ ಎಲ್ಲಿಗೆ ಬಂತೆಂಬ ಪ್ರಗತಿ, ಕೊನೆಗೆ ಅಭಿಮಾನಿಗಳ ಪ್ರಶ್ನೆಗೆ ಉತ್ತರ. ಪ್ರಗತಿಯನ್ನು ಬರೆಯಲು ಅವನು ಗುರುವಾರವಿಡೀ ಒದ್ದಾಡುತ್ತಿದ್ದ. ಹಾಡು ಆರಿಸುವ ಕೆಲಸವನ್ನು ಮಾತ್ರ ಅಕ್ಕ ಯಾಸ್ಮೀನಳಿಗೆ ತಳ್ಳಿಬಿಟ್ಟಿದ್ದ. ಅವಳು ಕೆಳಗೆ ಹೊಲಿಗೆ ಮಷೀನಿನ ಮುಂದೆ ಕೂತು ದಿನವಿಡೀ ಹಾಡು ಕೇಳುವವಳು. ತನಗೆ ಹಿಡಿಸಿದ ಒಂದು ಕನ್ನಡದ್ದು, ಒಂದು ಮರಾಠಿಯದು, ಒಂದು ಉರ್ದುವಿನದು ಆರಿಸಿ ಕೊಡುತ್ತಿದ್ದಳು. ಕೆಳಗೆ ಹೆಸರು ಮಾತ್ರ ಜುಬೇರನದೇ.

ಸಿಟ್ಟಿಗೆ ಕಾರಣ ಇಲ್ಲೇ ಇತ್ತು. ಪ್ರಗತಿಯನ್ನು ಒಬ್ಬನೂ ಓದುತ್ತಿರಲಿಲ್ಲ. ಹಿಂದಿನ ಟ್ರೇಲರಿನ ಕೊಂಡಿ ಈಗ ನಿಜದ ಕೊಂಡಿಯಂತೆಯೇ ತಿರುಗುತ್ತದೆ ಎಂದು ಅವನು ಬರೆದರೆ, ಕೆಳಗೆ ಬರುತ್ತಿದ್ದ ಮಾತು: ‘ಎರಡನೇ ಹಾಡು ಭಾರಿ ಐತಿ ಗುರುವೇ.’ ಆಟದ ಬಗ್ಗೆ ಯಾರಾದರೂ ಅಪ್ಪಿತಪ್ಪಿ ಕೇಳಿದರೆ ಅದೂ ಒಂದೇ ಪ್ರಶ್ನೆ: ‘ನಿಮ್ಮ ಆಟದಾಗ ಕಾರ್ಖಾನಿ ಮುಂದ ಪಾಳಿ ಯಾಕಿಲ್ರಿ? ನಾವು ದಿನಗಟ್ಟಲೆ ಪಾಳಿ ಹಚ್ಚಿ ನಿಂದರ್ತೇವಿ.’ ಜುಬೇರ ಪ್ರತಿಸಲ ಹಲ್ಲು ಕಡಿದುಕೊಂಡು ಉತ್ತರ ಬರೆಯುತ್ತಿದ್ದ: ‘ಸುಮ್ಮನೆ ಸಾಲಿನಲ್ಲಿ ನಿಲ್ಲುವುದಕ್ಕೆ ಆಟ ಅನ್ನುವುದಿಲ್ಲ.’

ಈ ನಡುವೆ ಹುಬ್ಬಳ್ಳಿಯ ಒಂದು ಗೇಮ್ ಕಂಪನಿಯಿಂದ ಸಂಜೀವಕುಮಾರ ಎಂಬವರ ಫೋನು ಬಂತು. "ಶುಕ್ರವಾರ ನಾನ ದಾಂಡೇಲಿಗೆ ಬರ್ತೇನ್ರಿ. ಅವತ್ತಿನ ವರದಿಗೆ ಮಂದಿ ಏನಂತಾರ ನೋಡೂಣು. ಆಟದ ಹುಚ್ಚು ಹಿಡದಿದ್ರ ನಿಮ್ಮ ಆಟ ನಾವು ತಗೋತೇವಿ. ಬರೇ ಹಾಡಿನ ಹುಚ್ಚಿದ್ರ ಬ್ಯಾಡ."

ಜುಬೇರನಿಗೆ ದಾರಿ ನಿಚ್ಚಳವಾಗಿ ಕಂಡಿತು. ಹಾಡೇ ಇಲ್ಲದಿದ್ದರೆ ಜನ ಆಟದ ಬಗ್ಗೆಯೇ ಮಾತಾಡಬೇಕಲ್ಲ!

ಶುಕ್ರವಾರ ಬೆಳಿಗ್ಗೆ ಯಾಸ್ಮೀನ ಮಷೀನು ನಿಲ್ಲಿಸಿ, "ಹಾಡು ಕಳಸ್ಲೇನೋ?" ಎಂದಳು.

"ಬ್ಯಾಡ ಆಪಾ. ಇನ್ನ ಮುಂದ ಹಾಡು ಬಂದ್."

"ಯಾಕ? ಮಂದಿ ಕೇಳ್ತಾರಲ್ಲ."

"ಕೇಳ್ತಾರಂತನ ಬ್ಯಾಡ! ಸಾಯೋಮಟ ದುಡಿಯಾಂವ ನಾನು. ಹಾಡು ಆರಿಸೂದು ಒಂದು ಕೆಲಸೇನು? ರೇಡಿಯೋ ಕಿವಿ ತಿರುವಿದ್ರ ಯಾರರೆ ಮಾಡ್ತಾರ."

ಯಾಸ್ಮೀನ ತನ್ನ ಫೋನನ್ನು ಬಂದ್ ಮಾಡಿ ದಾರದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು.

ವರದಿ ಹೋಯಿತು. ಪ್ರಗತಿ ಈ ಸಲ ಎರಡು ಪಟ್ಟು ಉದ್ದವಿತ್ತು. ಮೊದಲ ಅಭಿಪ್ರಾಯ ಫೋನಿನಲ್ಲಿ ಬರಲಿಲ್ಲ, ಮೆಟ್ಟಿಲು ಹತ್ತಿಕೊಂಡೇ ಬಂತು. ಪಕ್ಕದ ಮನೆಯ ಗೋದುಬಾಯಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು.

"ಏನಪಾ, ಹಾಡ ಇಲ್ಲಲ್ಲ? ನಿನ್ನ ಮರಾಠಿ ಹಾಡಿಗೆ ಭಾಕ್ರಿ ಬಡಿತಿದ್ದೆ ನಾನು. ಇವತ್ತ ಒಂದೂ ಗುಂಡಗ ಬರವಲ್ದು!"

"ಬಾಯೀರಿ, ಪ್ರಗತಿ ಓದಿದ್ರೇನು?"

"ಅದನ್ಯಾರು ಓದ್ತಾರೋ, ಹುಚ್ಚಪ್ಯಾಲಿ!"

ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿಸಿ ಹೊರಬಂದರೆ ಅಲ್ಲೂ ಅದೇ. ಚಪ್ಪಲಿ ಹುಡುಕುತ್ತಿದ್ದವರು ಚಪ್ಪಲಿ ಬಿಟ್ಟು ಅವನನ್ನು ಹಿಡಿದುಕೊಂಡರು. ಒಬ್ಬರು ಮೈಯಲ್ಲಿ ಹುಷಾರಿಲ್ಲವೇ ಅಂದರು, ಇನ್ನೊಬ್ಬರು ರೀಚಾರ್ಜ್ ತೀರಿತೇ ಅಂದರು. ಅವನ ಮೈ ಉರಿಯತೊಡಗಿತು. ಆಗಲೇ ಫೋನು ಬಂತು.

"ಜುಬೇರ, ನಾನ್ರಿ ಸಂಜೀವಕುಮಾರ. ಹಳಿಯಾಳದ ಹತ್ರ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಾವ. ನನ್ನ ಕಾರು ನಡುವ ಸಿಕ್ಕೊಂಡೈತಿ. ಯಾರೋ ಜುಬೇರ ಹಾಡು ಹಾಕಿಲ್ಲಂತ ಇಲ್ಲಿ ಬಡದಾಡಾಕತ್ತಾರ. ಆ ಜುಬೇರ ನೀವ ಏನ್ರಿ?"

ಫೋನು ಕಟ್ಟಾಯಿತು. ಪಕ್ಕದಲ್ಲಿದ್ದ ನಬೀಸಾಬ ಹಣೆ ಬಡಿದುಕೊಂಡ.

"ಅಯ್ಯ ನಿನ್ನ! ಊರಿಗೆಲ್ಲ ಗೊತ್ತೈತಿ, ನಿನಗ ಗೊತ್ತಿಲ್ಲೇನು? ಎಲ್ಲಾ ಟ್ರ್ಯಾಕ್ಟರ್‌ನ್ಯಾಗೂ ದೊಡ್ಡ ದೊಡ್ಡ ಸ್ಪೀಕರ್ ಅದಾವ. ಹೋದ ವರ್ಷ ಪಾಳಿಯೊಳಗ ಯಾರ ಹಾಡು ಹಚ್ಚಬೇಕಂತ ತಲಿ ಒಡಕೊಂಡಿದ್ರು. ಆಮ್ಯಾಲೆ ಹಿರೇರು ಕೂತು ತೀರ್ಮಾನ ಮಾಡಿದ್ರು. ಜುಬೇರನ ಮೂರು ಹಾಡು ಬಿಟ್ರ ಬ್ಯಾರೆ ಯಾವುದೂ ಹಚ್ಚಂಗಿಲ್ಲ. ಎಲ್ಲಾರ ಭಾಷಾದ್ದೂ ಒಂದೊಂದು ಇರತೈತಿ, ಯಾರಿಗೂ ತಕರಾರಿಲ್ಲ. ಶುಕ್ರವಾರಕ್ಕ ಹಳೇವು ಮುಗದು ಹೊಸಾವು ಸುರು. ಇವತ್ತ ಹಳೇವೂ ಇಲ್ಲ, ಹೊಸಾವೂ ಇಲ್ಲ!"

"ನನಗ್ಯಾಕ ಮೊದಲ ಹೇಳ್ಲಿಲ್ಲ ಅಬ್ಬಾ?"

"ನೀ ಆ ಖೋಲಿ ಬಿಟ್ಟು ಯಾವಾಗ ಕೆಳಗ ಇಳದೀಯಪ್ಪಾ ಹೇಳಾಕ?"

ಜುಬೇರ ಬೈಕು ಹತ್ತಿದ. ದಾರಿಯುದ್ದಕ್ಕೂ ಅಭಿಮಾನಿಗಳನ್ನು, ಕಬ್ಬನ್ನು, ಸಕ್ಕರೆ ತಿನ್ನುವ ಸಮಸ್ತ ಮಾನವಕುಲವನ್ನು ಬೈಯುತ್ತ ಹೋದ. ಹಳಿಯಾಳ ಹತ್ತಿರವಾದಂತೆ ಮೊದಲು ಗದ್ದಲ ಕೇಳಿಸಿತು, ಆಮೇಲೆ ಟ್ರ್ಯಾಕ್ಟರು ಕಂಡವು. ಒಂದರಲ್ಲಿ ಭಜನೆ, ಇನ್ನೊಂದರಲ್ಲಿ ಲಾವಣಿ, ಮತ್ತೊಂದರಲ್ಲಿ ಕವ್ವಾಲಿ, ಎಲ್ಲ ಒಟ್ಟಿಗೆ ಕೂಗುತ್ತಿದ್ದವು. ಎಲ್ಲಕ್ಕಿಂತ ಮುಂದಿನ ಟ್ರ್ಯಾಕ್ಟರು ರಸ್ತೆಗೆ ಅಡ್ಡ ನಿಂತಿತ್ತು. ಅದರ ಡ್ರೈವರ್ ಅಂದಾನೆಪ್ಪ ಬಾನೆಟ್ಟಿನ ಮೇಲೆ ಹತ್ತಿ ಕೂತಿದ್ದ.

"ನನ್ನ ಹಾಡು ಮುಗಿಯೂತನಕ ಗಾಡಿ ತಗಿಯೂದಿಲ್ಲ!" ಎನ್ನುತ್ತಿದ್ದ. ಹಾಡು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಹಚ್ಚುತ್ತಿದ್ದ.

ಜುಬೇರ ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದ. ಅದು ಬಂದ್ ಆಗಿತ್ತು. ಹೋಗಲಿ, ತಾನೇ ಆರಿಸಿದರಾಯಿತು, ಅದೇನು ಮಹಾ ಅಂದುಕೊಂಡು ತನಗೆ ಮೆಚ್ಚಾದ ಮೂರು ವಿದೇಶಿ ವಾದ್ಯಸಂಗೀತವನ್ನು ಚಾನೆಲ್ಲಿಗೆ ಹಾಕಿದ.

"ಬಂತು, ಬಂತು!" ಎಂದು ಕೂಗೆದ್ದಿತು. ಬೇರೆ ಸ್ಪೀಕರುಗಳೆಲ್ಲ ತಟ್ಟನೆ ಸುಮ್ಮನಾದವು. ಅಂದಾನೆಪ್ಪ ಭಕ್ತಿಯಿಂದ ಮೊದಲ ಹಾಡು ಹಚ್ಚಿದ. ಮೆಟ್ಟಿಲ ಮೇಲಿಂದ ತಗಡಿನ ಡಬ್ಬಿ ಉರುಳಿದಂಥ ಸದ್ದು ಹೊರಟಿತು.

"ಇದೇನೋ ಇದು!" ಅಂದಾನೆಪ್ಪ ಕೆಳಗೆ ಜಿಗಿದ. "ಇದು ಜುಬೇರನ ಹಾಡಲ್ಲ. ಯಾವನೋ ಕಳ್ಳ ಅವನ ಚಾನೆಲ್ ಹೊಡದಾನ!"

"ಯಾರೂ ಹೊಡದಿಲ್ರಿ. ನಾನ ಜುಬೇರ. ನಾನ ಹಾಕೀನಿ."

ಅಂದಾನೆಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀನು? ಜುಬೇರ ಅಂದ್ರ ಹೆಂಗಿರತಾನ ಗೊತ್ತೇನು? ಮನಸು ತಿಳದಾಂವ. ಇಂಥಾ ಕೆಟ್ಟ ಹಾಡು ಹಾಕಾಂವಲ್ಲ. ಇವನ್ನ ಹಿಡೀರ್ರಿ!"

ಟ್ರೇಲರಿನ ಮೇಲೆ ಕೂತು ಕಬ್ಬು ಸಿಗಿಯುತ್ತಿದ್ದ ಬಿಳಿ ಅಂಗಿಯ ಮನುಷ್ಯನೊಬ್ಬ ನಗುತ್ತ, "ಖರೇ ಜುಬೇರ ಇದ್ರ ಒಂದು ಛಲೋ ಹಾಡು ಆರಿಸಿ ತೋರಸ್ಲಿ ನೋಡೂಣು" ಅಂದ. ಸುತ್ತಲಿನವರೆಲ್ಲ ಹೌದೆಂದರು.

ಜುಬೇರನ ತಾಳ್ಮೆ ಅಲ್ಲಿಗೆ ಹರಿಯಿತು. "ಏ ಕಬ್ಬಣ್ಣಾ, ನೀ ಬಾಯಿ ಮುಚ್ಚಿಕೊಂಡು ಕಬ್ಬು ತಿನ್ನು! ಹೌದು, ಹಾಡು ಆರಿಸಾಕಿ ನಮ್ಮಕ್ಕ, ಯಾಸ್ಮೀನ. ಆಟ ಮಾಡಿದಾಂವ ನಾನು! ವರ್ಷಗಟ್ಟಲೆ ಕುಂತು ನಿಮ್ಮ ಟ್ರ್ಯಾಕ್ಟರ್ ಮಾಡೀನಿ, ನಿಮ್ಮ ಕೊಂಡಿ ಮಾಡೀನಿ, ನಿಮ್ಮ ರಸ್ತಾದ ತಗ್ಗು ಸುದ್ಧಾ ಮಾಡೀನಿ. ಒಬ್ಬರೆ ಆಡೀರೇನು?"

ಅಂದಾನೆಪ್ಪ ಶಾಂತವಾಗಿ ಉತ್ತರಿಸಿದ. "ದಿನಾ ಇದನ್ನ ಹೊಡಿತೇವಿ ತಮ್ಮಾ. ಮತ್ತ ಮೊಬೈಲ್‌ನ್ಯಾಗೂ ಇದನ್ನ ಹೊಡೀಬೇಕೇನು? ಅಕ್ಕಾರಿಗೆ ಫೋನ್ ಹಚ್ಚು."

ಜುಬೇರ ಗ್ಯಾರೇಜಿಗೆ ಫೋನು ಮಾಡಿದ. ನಬೀಸಾಬ ಒಳಗೆ ಹೋಗಿ ಮಗಳ ಕಿವಿಗೆ ಫೋನು ಹಿಡಿದ. ಅವಳ ದನಿ ತಣ್ಣಗಿತ್ತು. "ಫೋನ್ ಸ್ಪೀಕರ್‌ಗೆ ಹಾಕು. ಬೆಳಿಗ್ಗೆ ನನಗ ಹೇಳಿದ್ದನ್ನ ಎಲ್ಲಾರ ಮುಂದ ಉಲ್ಟಾ ಮಾಡಿ ಹೇಳು."

ಅಷ್ಟೂ ಡ್ರೈವರುಗಳ ಎದುರು ಜುಬೇರ ಫೋನನ್ನು ಸ್ಪೀಕರಿಗೆ ಹಾಕಿದ. "ಹಾಡು ಆರಿಸೂದು ಕೆಲಸ ಐತಿ ಆಪಾ. ಅದು ನನ್ನ ಕೈಲೆ ಆಗೂದಿಲ್ಲ."

ಮೂರು ಹಾಡು ಬಂದವು. ಮೊದಲನೆಯದು ಸುರುವಾದ ಕೂಡಲೇ ಅಂದಾನೆಪ್ಪ ಕಣ್ಣು ಮುಚ್ಚಿ ತಲೆಯಾಡಿಸಿದ, ಆಮೇಲೆ ಕಣ್ಣು ತೆರೆದು ಗಾಡಿಯನ್ನು ನೆಟ್ಟಗೆ ಮಾಡಿದ. ಬಡಿದಾಡುತ್ತಿದ್ದವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿದರು. ಪಾಳಿ ಮೆಲ್ಲಗೆ ಸರಿಯಿತು. ಜುಬೇರ ಕಂಪನಿಯ ಕಾರನ್ನು ಹುಡುಕುತ್ತ ಹೊರಟಾಗ ಬಿಳಿ ಅಂಗಿಯವನು ಟ್ರೇಲರಿನಿಂದ ಇಳಿದು ಅಂಟು ಕೈಯನ್ನು ಮುಂದೆ ಚಾಚಿದ.

"ನಾನ್ರಿ, ಕಬ್ಬಣ್ಣ. ಮನಿಯಾಗ ಸಂಜೀವಕುಮಾರ ಅಂತಾರ."

ಜುಬೇರನಿಗೆ ತಾನು ಬೈದದ್ದೆಲ್ಲ ನೆನಪಾಯಿತು. ಇಷ್ಟು ವರ್ಷದ ಆಟ ಈಗ ಕೈಬಿಟ್ಟು ಹೋಯಿತಲ್ಲ!

"ನಿಮ್ಮ ಆಟ ತಗೋತೇವಿ" ಅಂದರು ಸಂಜೀವಕುಮಾರ.

"ಆಂ? ಖರೇನ್ರಿ?"

"ಖರೇ. ಎರಡು ಮೂರು ಬದಲಾವಣಿ ಅದಾವ ಅಷ್ಟ. ಟ್ರ್ಯಾಕ್ಟರ್ ಓಡೂದು ಬ್ಯಾಡ. ಪಾಳಿಯೊಳಗ ನಿಂದ್ರಲಿ. ಮಂದಿ ಮಾತಾಡ್ತಾರ, ಕಬ್ಬು ತಿಂತಾರ, ಜಗಳಾಡ್ತಾರ. ಹಾಡು ಸರಿ ಬಿದ್ರ ಪಾಳಿ ಸರೀತೈತಿ, ಇಲ್ಲಂದ್ರ ಇಲ್ಲ. ಇಷ್ಟು ಮಜಾ ನಾನು ಯಾವ ಆಟದಾಗೂ ಕಂಡಿಲ್ಲ ನೋಡ್ರಿ. ಹೆಸರು ‘ಪಾಳಿ’. ಹಾಡು ನಿಮ್ಮ ಅಕ್ಕಾರು ಆರಿಸಲಿ, ಆಟದ ಮ್ಯಾಲೆ ಅವರ ಹೆಸರ ಇರಲಿ."

"ಮತ್ತ ನಾನು? ನನ್ನ ಟ್ರೇಲರ್? ಹಿಂದಕ್ಕ ತಗಿಯೂದು?"

"ಪಾಳಿಯೊಳಗ ಹಿಂದಕ್ಕ ಎಲ್ಲಿ ತಗೀತಾರ್ರಿ?" ಸಂಜೀವಕುಮಾರ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. ಅಂಗಿಗೆ ಕಬ್ಬಿನ ಹಾಲು ಮೆತ್ತಿತು. "ನೀವು ವಾರಾ ಪ್ರಗತಿ ಬರಕೊಂಡು ಹೋಗ್ರಿ. ಅದನ್ನ ನಿಮ್ಮಷ್ಟು ಮನಸಿಟ್ಟು ಬರಿಯಾವರು ಸಿಗೂದಿಲ್ಲ."

ಮುಂದಿನ ಶುಕ್ರವಾರ ಯಾಸ್ಮೀನಳ ಮೂರು ಹಾಡುಗಳ ಕೆಳಗೆ ಜುಬೇರ ಹಲ್ಲು ಕಚ್ಚಿಕೊಂಡು ಆ ವಾರದ ಪ್ರಗತಿ ಬರೆದ: ‘ಟ್ರ್ಯಾಕ್ಟರು ನಿಂತಲ್ಲೇ ನಿಂತಿದೆ.’ ಅದನ್ನೂ ಯಾರೂ ಓದಲಿಲ್ಲ.