ದೆವ್ವದ ಅಹವಾಲು ಕೇಳಿದ ಮೇಷ್ಟ್ರು

ನಮ್ಮ ಸೋದರಮಾವನಿಗೆ ಸತ್ತವರ ಜತೆ ಮಾತಾಡುವ ಧೈರ್ಯವಿದೆ ಎಂದರೆ ನೀವು ನಗಬಹುದು. ಇಪ್ಪತ್ತೈದು ವರ್ಷ ಕಾನೂನು ಕಾಲೇಜಿನಲ್ಲಿ, ಅದೂ ಮಧ್ಯಾಹ್ನದ ಊಟವಾದ ಮೇಲೆ, ಕಾರ್ಮಿಕ ಕಾಯ್ದೆ ಪಾಠ ಮಾಡಿದವರಿಗೆ ಉತ್ತರ ಕೊಡದ ಮುಖಗಳೇನು ಹೊಸವೇ?

ಅವರು ಪಿಎಚ್.ಡಿ. ಮಾಡಿದ್ದು ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸಿ, ಮುರಿದದ್ದನ್ನು ಮಾತಿನಿಂದ ಸರಿಪಡಿಸುವ ನ್ಯಾಯದ ಬಗ್ಗೆ. ಈ ಹುಚ್ಚು ಕಾಲೇಜಿನಲ್ಲೇ ನಿಲ್ಲಬೇಕಲ್ಲ! ಸಾರಿಗೆ ಉಪ್ಪು ಹೆಚ್ಚಾದ ದಿನ ಅತ್ತೆಯನ್ನು ಎದುರು ಕೂರಿಸಿಕೊಂಡು, "ಇದರಿಂದ ಯಾರಿಗೆ ನೋವಾಗಿದೆ?" ಎಂದು ಕೇಳಿದರು.

"ಈಗ ನಿಮಗಾಗುತ್ತೆ," ಎಂದರು ಅತ್ತೆ, ಸೌಟು ಎತ್ತಿ.

ಹೋದ ವರ್ಷ ಧನುರ್ಮಾಸದಲ್ಲಿ ಮಾಲೂರಿನ ಕಡೆಯ ಹೆಂಚಿನ ಕಾರ್ಖಾನೆಯ ಮಾಲೀಕನೊಬ್ಬ ಇವರ ಹೆಸರು ಕೇಳಿ ಹುಡುಕಿಕೊಂಡು ಬಂದ. ಅಲ್ಲಿ ಕೆಲವು ತಿಂಗಳ ಹಿಂದೆ ಹೆಂಚು ಸುಡುವ ಗೂಡಿನ ಗೋಡೆ ಕುಸಿದು ಕೆಲಸಗಾರನೊಬ್ಬ ಸತ್ತಿದ್ದ. ಅಂದೇ ಬೆಂಕಿ ಆರಿಸಿದ್ದರು. ಆದರೂ ದಿನಾ ನಡುಮಧ್ಯಾಹ್ನ ಗೂಡಿನೊಳಗಿಂದ ಟಣ್ ಟಣ್ ಎಂಬ ಸದ್ದು!

"ಹೋಮ ಮಾಡಿಸ್ದೆ, ದರ್ಗಾದಿಂದ ತಾಯತ ತಂದೆ. ಇನ್ನು ನೀವೇ ಗತಿ ಸಾರ್."

"ದೆವ್ವ ಆದ್ರೂ ಕಾರ್ಮಿಕನೇ ಕಣಪ್ಪ. ಅವನ ಅಹವಾಲು ಕೇಳೋಣ," ಎಂದರು ಮಾವ. ನನ್ನನ್ನೂ ಎಳೆದುಕೊಂಡು ಹೋದರು.

ಗೂಡಿನ ಬಾಯಿಯ ಹತ್ತಿರ ಮೂರು ಕುರ್ಚಿ ಹಾಕಿಸಿದರು. ಒಂದರಲ್ಲಿ ಮಾಲೀಕ, ಎದುರಿಗೆ ಸತ್ತವನ ಹೆಂಡತಿ. ಮೂರನೆಯದು ಖಾಲಿ. ಕೆಲಸಗಾರರು ದೂರದಲ್ಲಿ ಗುಂಪಾಗಿ ನಿಂತಿದ್ದರು. ಮಾವ ಖಾಲಿ ಕುರ್ಚಿಗೆ ಕೈಮುಗಿದು, "ಹೇಳಪ್ಪಾ, ನಿಂಗೇನು ಅನ್ಯಾಯ ಆಯ್ತು?" ಎಂದರು. ನನಗೆ ನಗು ಉಕ್ಕಿತು.

ಟಣ್.

ನಗು ಗಂಟಲಲ್ಲೇ ಸತ್ತಿತು. ಮತ್ತೆ ಟಣ್, ಟಣ್. ಯಾರೋ ಬೆರಳ ಗೆಣ್ಣಿನಿಂದ ನಿಧಾನವಾಗಿ ತಟ್ಟಿದಂತೆ. ಆಕೆ ಎದ್ದು ನಿಂತಳು.

"ಅಯ್ಯೋ ದೇವುಡಾ! ನಮ್ಮೋರೇ ಸಾಮಿ. ಹೆಂಚು ಬೆಂದೈತಾ ಅಂತ ಹಿಂಗೇ ತಟ್ಟಿ ನೋಡೋರು."

ಮಾಲೀಕ ಆಕೆಯತ್ತ ತಿರುಗಿದ. "ಗೋಡೆ ಬಿರುಕು ಬಿಟ್ಟೈತೆ ಅಂತ ಮೂರು ಸಲ ಹೇಳ್ದ. ನಾನೇ ಕೇಳ್ಲಿಲ್ಲ. ಕುಡಿದು ಒಳಕ್ಕೆ ಹೋದ ಅಂತ ಎಲ್ರಿಗೂ ಸುಳ್ಳು ಹೇಳ್ಬಿಟ್ಟೆ."

"ನನಗ್ಯಾಕೆ ಹೇಳ್ತೀರ? ಅವರು ಕುಡಿಯೋರಲ್ಲ ಅಂತ ನಂಗೊತ್ತು. ಅವ್ರಿಗೆಲ್ಲ ಹೇಳಿ," ಎಂದು ಆಕೆ ಕೆಲಸಗಾರರತ್ತ ಕೈ ತೋರಿದಳು.

ಅವನು ಅಳುತ್ತಲೇ ಎಲ್ಲರೆದುರು ಹೇಳಿದ. ಪೊಲೀಸ್ ಠಾಣೆಗೂ ಮಾವನೇ ಕರೆದೊಯ್ದು ನಿಜ ಬರೆಸಿದರು. ಸದ್ದು ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ.

ಕೋಲಾರದ ಬಸ್ಸಿನಲ್ಲಿ ಕೇಳಿದೆ: "ಮಾವ, ಅದೇನು ಸದ್ದು?"

"ಗೂಡು ಆರುವಾಗ ಹೆಂಚು ಸಿಡಿಯುತ್ತೆ ಕಣೋ."

ಗೂಡು ಆರಿ ತಿಂಗಳುಗಳೇ ಆಗಿದ್ದವು. ಇಳಿಯುವವರೆಗೂ ಮಾವ ನನ್ನ ಕೈ ಮಾತ್ರ ಬಿಡಲಿಲ್ಲ!

ನಮ್ಮ ಮನೆಯಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಮಾವ ಹೋಗಿ ಅವಳೆದುರು ನೆಲಕ್ಕೆ ಕುಸಿದರು.

"ಅಕ್ಕಾ, ನನ್ನ ಓದ್ಸೋಕೆ ಅಂತ ನಿನ್ನ ಏಳನೇ ಕ್ಲಾಸಿಗೇ ಬಿಡಿಸಿದ್ರು. ನಿನಗೆಷ್ಟು ಆಸೆ ಇತ್ತು ಅಂತ ಗೊತ್ತಿದ್ದೂ ನಾನು ಇಷ್ಟು ವರ್ಷ ಒಂದು ಮಾತು ಆಡ್ಲಿಲ್ಲ."

ಅಮ್ಮನ ಕೈ ನಿಂತಿತು. ಆಮೇಲೆ ಸೆರಗಿನಿಂದ ತಮ್ಮನ ಮುಖ ಒರೆಸಿ, ರಾಶಿಯಲ್ಲಿ ಅರ್ಧವನ್ನು ಅವರ ಮುಂದಕ್ಕೆ ತಳ್ಳಿದಳು.

"ಬಿಡಿಸು. ಊಟ ಮಾಡ್ಕೊಂಡೇ ಹೋಗುವಿಯಂತೆ."