ಬಾಯಲ್ಲಿ ಪೈಪು, ಬಾಗಿಲಲ್ಲಿ ಬ್ರೆಡ್ಡು

ದೇವರು ಮನುಷ್ಯನಿಗೆ ಮೂಗನ್ನು ಮುಖದ ಮುಂದುಗಡೆ ಇಟ್ಟದ್ದು ಈಜುವವರ ಮಟ್ಟಿಗೆ ದೊಡ್ಡ ಅನ್ಯಾಯ. ನೆತ್ತಿಯ ಮೇಲಿಟ್ಟಿದ್ದರೆ ನಾನು ಇಷ್ಟು ಹೊತ್ತಿಗೆ ಶಿವಮೊಗ್ಗಕ್ಕೆ ಒಂದು ಪದಕ ತಂದಿರುತ್ತಿದ್ದೆ. ಕೈ ಬೀಸಲು ಬರುತ್ತದೆ, ಕಾಲು ಬಡಿಯಲು ಬರುತ್ತದೆ, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಉಸಿರೆಳೆಯಲು ಮಾತ್ರ ಬರುವುದಿಲ್ಲ. ಹೊರಳಿಸಿದಾಗಲೆಲ್ಲ ಗಾಳಿಗಿಂತ ನೀರೇ ಹೆಚ್ಚು ಒಳಗೆ ಹೋಗುತ್ತದೆ. ನಾನು ಲೇಡೀಸ್ ಬ್ಯಾಚಿಗೆ ಸೇರಿದ ಮೇಲೆ ಈಜುಕೊಳದ ನೀರು ಇಳಿದಿದೆ ಎಂದು ನಮ್ಮ ಯಜಮಾನರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.

ಐವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಬೇಕಿತ್ತು ಅಂದರೆ, ಅಕ್ಕನಿಗಾಗಿ. ನಮ್ಮ ತವರು ಭದ್ರಾವತಿಯ ಓಲ್ಡ್ ಟೌನು. ಚಿಕ್ಕವರಿದ್ದಾಗ ಅಕ್ಕ ನಾಲೆಗೆ ಧುಮುಕಿದರೆ ಏಳುತ್ತಿದ್ದದ್ದು ಆಚೆ ದಡದಲ್ಲಿ. ನಾನು ಈಚೆ ದಡದಲ್ಲಿ ಅವಳ ಬಟ್ಟೆ ಕಾಯುತ್ತಿದ್ದೆ. ನಾನೀಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಆದರೂ ಅಕ್ಕ ನನ್ನನ್ನು ಪರಿಚಯಿಸುವುದು ಒಂದೇ ರೀತಿ: "ಇವ್ಳು ನನ್ನ ತಂಗಿ, ನೀರು ಕಂಡ್ರೆ ಹೆದರ್ತಾಳೆ." ಒಂದೇ ಒಂದು ಸಲ ಅಕ್ಕ ದಡದಲ್ಲಿ ನಿಲ್ಲಬೇಕು, ನಾನು ಎಲ್ಲೂ ನಿಲ್ಲದೆ ಆ ತುದಿಗೆ ಹೋಗಿ ಈ ತುದಿಗೆ ಬರಬೇಕು. ನನಗಿದ್ದ ಆಸೆ ಇಷ್ಟೇ.

ನಮ್ಮ ಕೋಚ್ ಹುಡುಗಿಗೆ ಕನಿಕರ ಬಂದು, "ಮೇಡಂ, ಒಂದು ಸ್ನಾರ್ಕೆಲ್ ತಗೊಳ್ಳಿ, ಬಾಯಲ್ಲಿ ಕಚ್ಕೊಂಡು ಉಸಿರಾಡೋ ಪೈಪು, ತಲೆ ಹೊರಳಿಸೋದೇ ಬೇಡ" ಅಂದಳು. ಮೊಬೈಲಿನಲ್ಲಿ ಹುಡುಕಿದರೆ ಮದುವೆ ಸೀರೆ ಆರಿಸಿದ್ದೇ ಸುಲಭವಿತ್ತು ಅನ್ನಿಸಿತು. ಇಡೀ ಮುಖ ಮುಚ್ಚುವ ಗಾಜಿನ ಮುಖವಾಡದೊಳಗೆ ಒಬ್ಬಳು ಸೊಗಸಾಗಿ ನಗುತ್ತಿದ್ದಳು. ನನಗೂ ಹಾಗೇ ನಗಬೇಕು ಅನ್ನಿಸಿತು. "ಅದು ಮೀನು ನೋಡ್ತಾ ನಿಧಾನಕ್ಕೆ ತೇಲೋರಿಗೆ. ನೀವು ದಬದಬ ಅಂತ ಈಜ್ತೀರಾ. ಬಿಟ್ಟ ಉಸ್ರು ಒಳಗೇ ಉಳ್ಕೊಂಡು, ಮತ್ತೆ ಅದ್ನೇ ಎಳ್ಕೊಂಡ್ರೆ ತಲೆ ಸುತ್ತುತ್ತೆ" ಎಂದು ಅವಳು ತಡೆದಳು. ಹಾಗಾದರೆ ಉದ್ದನೆಯ ಪೈಪು? ಅದರದ್ದೂ ಅದೇ ಕಥೆಯಂತೆ. ಇಂಗಾಲದ ಡೈಆಕ್ಸೈಡಿನ ಬಗ್ಗೆ ಇಷ್ಟು ವರ್ಷ ಪಾಠ ಮಾಡಿದವಳಿಗೆ ಅದು ನನ್ನ ಮೂತಿಯ ಮುಂದೆಯೂ ಇರುತ್ತದೆ ಎಂದು ಹೊಳೆದಿರಲಿಲ್ಲ. ಕೊನೆಗೆ ಬಾಯಿಂದ ಹೊರಟು, ಮೂಗಿನ ಮುಂದೆ ಹಾದು, ಹಣೆಯ ಮೇಲೆ ನೆಟ್ಟಗೆ ನಿಲ್ಲುವ, ತೀರಾ ಉದ್ದವೂ ಸಪೂರವೂ ಅಲ್ಲದ ಒಂದನ್ನು ತರಿಸಿದೆ. "ಮೊದ್ಲು ಮನೇಲಿ ಹಾಕ್ಕೊಂಡು ಮೆಟ್ಲು ಹತ್ತಿ ಇಳಿದು ನೋಡಿ. ಏದುಸಿರು ಬಂದಾಗ್ಲೂ ಸಲೀಸಾಗಿ ಗಾಳಿ ಬರ್ಬೇಕು. ಇಲ್ದಿದ್ರೆ ವಾಪಸ್ ಕಳ್ಸಿ" ಅಂದಿದ್ದಳು ಕೋಚ್.

ನಾನು ವಿಧೇಯ ವಿದ್ಯಾರ್ಥಿನಿ. ಮೂಗಿಗೆ ಕ್ಲಿಪ್ಪು, ಬಾಯಿಗೆ ಪೈಪು, ನೈಟಿಯ ಮೇಲೊಂದು ಟವಲು. ಬುಸ್ ಬುಸ್ ಎಂದು ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಗಾಳಿ ಧಾರಾಳವಾಗಿ ಬರುತ್ತಿತ್ತು, ಖುಷಿಯೋ ಖುಷಿ. ಅಷ್ಟರಲ್ಲಿ ಅರಿಸಿನ ಕುಂಕುಮಕ್ಕೆ ಕರೆಯಲು ಪಕ್ಕದ ಮನೆಯ ಶಾರದಮ್ಮ ಬಂದರು. ನಾನು ಕಂಬಿ ಹಿಡಿದುಕೊಂಡು, ಒಳಗೆ ಬನ್ನಿ ಎಂದು ಜೋರಾಗಿ ಕೈ ಬೀಸಿದೆ. ಅವರು ಕುಂಕುಮದ ಬಟ್ಟಲನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಓಡಿದರು. ಶಾರದಮ್ಮನ ತವರೂ ಅಕ್ಕ ಈಗಲೂ ಇರುವ ಓಲ್ಡ್ ಟೌನೇ ಎಂಬುದು ನನಗೆ ಆಗ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಅಕ್ಕ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಕಿತ್ತಳೆ, ಹಿಂದೆ ಹೊಳೆಹೊನ್ನೂರಿನ ಚಿಕ್ಕಮ್ಮ, ಅವರ ಕೈಯಲ್ಲಿ ಎಳನೀರು. "ಪೈಪ್ ಹಾಕೋ ಮಟ್ಟಕ್ಕೆ ಬಂದ್ರೂ ಹೇಳ್ಲಿಲ್ವಲ್ಲೇ ಮಾರಾಯ್ತಿ!" ಎಂದು ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು.

"ನಂಗೇನೂ ಆಗಿಲ್ಲಕ್ಕ, ಇದು ಈಜೋ ಪೈಪು."

"ಕಾಯ್ಲೆಯವ್ರೆಲ್ಲ ಹಂಗೇ ಹೇಳೋದು" ಎಂದು ಚಿಕ್ಕಮ್ಮ ನಿಟ್ಟುಸಿರು ಬಿಟ್ಟರು. ಸ್ನಾರ್ಕೆಲ್ ತಂದು ತೋರಿಸಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಇಲ್ಲ ಅಂದಷ್ಟೂ ಅವರಿಗೆ ಕಾಯಿಲೆ ಗಟ್ಟಿಯಾಗುತ್ತಾ ಹೋಯಿತು. ನಮ್ಮ ಯಜಮಾನರು ಸಹಾಯ ಮಾಡುವುದು ಬಿಟ್ಟು ಕಿತ್ತಳೆ ಸುಲಿಯುತ್ತಾ ಕೂತಿದ್ದರು. ನನಗೆ ರೇಗಿಹೋಯಿತು. "ಏಳಿ ಎಲ್ರೂ, ಈಜುಕೊಳಕ್ಕೆ!" ಅಂದೆ.

ನನ್ನ ಬ್ಯಾಗು, ಟವಲು ಅಕ್ಕನ ಕೈಗೆ ಕೊಟ್ಟು ನೀರಿಗಿಳಿದೆ. ತಲೆ ಹೊರಳಿಸುವ ಗೋಜಿಲ್ಲ, ನೀರು ಕುಡಿಯುವ ಶಿಕ್ಷೆಯಿಲ್ಲ. ತಳದ ನೀಲಿ ಗೆರೆ ನೋಡುತ್ತಾ, ಕೈ ಬೀಸುತ್ತಾ, ನಿಜವಾಗಿ ಹೇಳುತ್ತೇನೆ, ನಾನು ಹಾರುತ್ತಿದ್ದೆ! ಆ ತುದಿ ಮುಟ್ಟಿದೆ, ತಿರುಗಿದೆ, ಎಲ್ಲೂ ನಿಲ್ಲದೆ ಈ ತುದಿಗೆ ಬಂದು ತಲೆ ಎತ್ತಿದೆ. ನನ್ನ ಬಟ್ಟೆ ಕಾಯುತ್ತಾ ಅಕ್ಕ ದಡದಲ್ಲಿ ನಿಂತಿದ್ದಳು.

"ನೋಡಿದ್ಯಾ, ನಂಗೆ ಕಾಯ್ಲೆ ಗೀಯ್ಲೆ ಏನೂ ಇಲ್ಲ" ಅನ್ನಲು ಪೈಪನ್ನು ಬಾಯಿಂದ ತೆಗೆದೆ. ಅಷ್ಟರಲ್ಲಿ ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಇಡೀ ಬ್ಯಾಚಿಗೆ ಕೇಳುವಂತೆ ಕೂಗುತ್ತಿದ್ದಳು: "ಇವ್ಳು ನನ್ನ ತಂಗಿ! ಉಸ್ರಾಡಕ್ಕೇ ಆಗಲ್ಲ ಪಾಪ, ಆದ್ರೂ ಹೆಂಗ್ ಈಜ್ತಾಳೆ ನೋಡಿ! ಈ ಧೈರ್ಯ ನಂಗೂ ಇರ್ಲಿಲ್ಲ!"

ಕೊಳದ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಸದ್ದಿಲ್ಲದೆ ಪೈಪನ್ನು ಮತ್ತೆ ಬಾಯಿಗಿಟ್ಟುಕೊಂಡೆ.